ಹೆಸರು ಬದಲಾದರೆ ಸರಕು ಶುದ್ಧವೇ?

ಅಮೆರಿಕದಲ್ಲಿ ಚರಂಡಿ ನೀರನ್ನು ಶುದ್ಧೀಕರಿಸಿದ ಬಳಿಕ ಉಳಿಯುವ ಕೆಸರಿಗೆ 1990ರ ದಶಕದ ಆರಂಭದಲ್ಲಿ ಅಲ್ಲಿನ ಉದ್ಯಮವೇ ‘ಬಯೋಸಾಲಿಡ್ಸ್’ ಎಂದು ನಾಮಕರಣ ಮಾಡಿತು. 1993ರ ಸರ್ಕಾರಿ ನಿಯಮಗಳು ಅದನ್ನು ಷರತ್ತುಗಳೊಡನೆ ತರಕಾರಿ ಬೆಳೆಗೂ ಗೊಬ್ಬರವಾಗಿಸಿದವು. ರೋಗಾಣುಗಳಿಗೆ, ಸೀಸ–ಕ್ಯಾಡ್ಮಿಯಂನಂತಹ ಲೋಹಗಳಿಗೆ ಮಿತಿ ವಿಧಿಸಿದ ಆ ನಿಯಮಗಳು, ಸುಲಭವಾಗಿ ನಶಿಸದ ಪಿಎಫ್‌ಎಎಸ್ ರಾಸಾಯನಿಕಗಳಿಗೆ ಮಿತಿಯನ್ನೇ ಇಡಲಿಲ್ಲ. ಮೇನ್ ರಾಜ್ಯದಲ್ಲಿ ಅನೇಕ ಹೊಲಗಳೂ ಬಾವಿಗಳೂ ಕೆಟ್ಟವು. 2022ರಲ್ಲಿ ಆ ರಾಜ್ಯವು ಕೆಸರನ್ನು ನೆಲಕ್ಕೆ ಹರಡುವುದನ್ನೇ ನಿಷೇಧಿಸಿತು.

ಭೂಮಿಯ ಸಾರವು ಭೂಮಿಗೇ ಮರಳಬೇಕೆಂಬ ವಾದ ನ್ಯಾಯವಾದುದೇ. ಆದರೆ ಮರಳುತ್ತಿರುವುದು ಸಾರವೊಂದೇ ಅಲ್ಲ. ಆ ದೇಶದಲ್ಲಿ ಸಾವಯವ ಮುದ್ರೆಯ ಬೆಳೆಗೆ ಈ ಕೆಸರು ನಿಷಿದ್ಧ. ಸಾಮಾನ್ಯ ತರಕಾರಿ ಕೊಳ್ಳುವವನಿಗೆ ಮಾತ್ರ ವಿಷಯವೇ ತಿಳಿಯದು. ತೂಕ ಸರಿಯಿದ್ದರೂ ಮೂಲವನ್ನು ಮರೆಮಾಚಿ ಮಾರುವುದು ವ್ಯಾಪಾರಧರ್ಮವಲ್ಲ. ಕೊಳ್ಳುವವನ ಮುಂದೆ ಹೆಸರು ಹೇಳಲು ಅಂಜುವ ಗೊಬ್ಬರವನ್ನು ಅವನ ಆಹಾರದ ಬುಡಕ್ಕೆ ಸುರಿಯುವ ಅಧಿಕಾರ ಯಾರಿಗೂ ಇಲ್ಲ.