ಕುಡಿತ ಬಿಟ್ಟ ಸ್ತ್ರೀಯರಿಗೊಂದು ಮನೆ

೧೯೩೦ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಉಪ್ಪಿನ ಸತ್ಯಾಗ್ರಹವು ನಡೆಯುತ್ತಿದ್ದಾಗ, ಹೆಂಡದಂಗಡಿಗಳ ಮುಂದೆ ನಿಂತು ಕುಡಿಯುವವರನ್ನು ತಡೆಯುವ ಕಾರ್ಯವನ್ನು ಮಹಾತ್ಮರು ವಿಶೇಷವಾಗಿ ಸ್ತ್ರೀಯರಿಗೆ ಒಪ್ಪಿಸಿದರು. ಅಂದಿನಿಂದ ಪಾನನಿರೋಧವೆಂದರೆ ಹೆಂಗಸರ ಹೋರಾಟವೆಂಬ ಭಾವನೆಯು ನಮ್ಮ ಜನರಲ್ಲಿ ಬೇರೂರಿದೆ. ಅದು ಸುಳ್ಳೂ ಅಲ್ಲ. ೨೦೧೯ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದು ಪಾನನಿಷೇಧಕ್ಕಾಗಿ ಸರ್ಕಾರವನ್ನು ಒತ್ತಾಯಪಡಿಸಿದವರು ಗ್ರಾಮಾಂತರದ ಹೆಂಗಸರೇ. ಗಂಡನ ಕುಡಿತದಿಂದ ನೊಂದವಳ ಚಿತ್ರವು ನಮ್ಮೆಲ್ಲರ ಕಣ್ಣಿನಲ್ಲಿದೆ. ತಾನೇ ಕುಡಿತಕ್ಕೆ ಸಿಲುಕಿ, ಬಿಡಬೇಕೆಂದು ಹೆಣಗುತ್ತಿರುವವಳ ಚಿತ್ರವು ಮಾತ್ರ ನಮಗೆ ಬೇಡವಾಗಿದೆ. ಅದು ಕಣ್ಣಿಗೆ ಬಿದ್ದರೂ ಮುಖ ತಿರುಗಿಸುವುದೇ ಮರ್ಯಾದೆಯೆಂದು ತಿಳಿದಿದ್ದೇವೆ.

ಕೇಂದ್ರ ಸರ್ಕಾರದವರು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಮೂಲಕ ಮಾಡಿಸಿ ೨೦೧೯ರಲ್ಲಿ ಪ್ರಕಟಿಸಿದ ವರದಿಯಂತೆ, ದೇಶದಲ್ಲಿ ಮದ್ಯಪಾನ ಮಾಡುವವರು ಸುಮಾರು ೧೬ ಕೋಟಿ. ಹದಿನೇಳು ಗಂಡಸರಿಗೆ ಒಬ್ಬಳು ಹೆಂಗಸು. ಹಾಗೆ ಕುಡಿಯುವ ಹದಿನಾರು ಸ್ತ್ರೀಯರಲ್ಲಿ ಒಬ್ಬಳು ವ್ಯಸನಕ್ಕೆ ದಾಸಳಾಗಿದ್ದಾಳೆ. ಸ್ಥೂಲವಾಗಿ ಗುಣಿಸಿದರೂ ಈ ಸಂಖ್ಯೆ ಐದು ಲಕ್ಷವನ್ನು ಮೀರುತ್ತದೆ. “ನಮ್ಮ ಹೆಂಗಸರಲ್ಲಿ ಈ ಪಿಡುಗು ಇಲ್ಲ” ಎಂದು ಸಭೆಗಳಲ್ಲಿ ಹೇಳುವ ಮಹನೀಯರು ಈ ಅಂಕಿಗಳನ್ನು ಒಮ್ಮೆ ಓದಿ ನೋಡಬೇಕು. ಗಂಡು ಹೆಣ್ಣೆನ್ನದೆ ವ್ಯಸನಿಗಳಲ್ಲಿ ಚಿಕಿತ್ಸೆ ದೊರೆಯುವುದು ೩೮ ಮಂದಿಯಲ್ಲಿ ಒಬ್ಬರಿಗೆ ಮಾತ್ರವೆಂದೂ ಅದೇ ವರದಿ ಹೇಳುತ್ತದೆ.

ಆ ಒಬ್ಬರು ಸ್ತ್ರೀಯಾಗಿದ್ದರೆ ಮುಂದೇನು? ನಾವು ಕೇಳಬೇಕೆಂದಿರುವ ಪ್ರಶ್ನೆ ಇದೇ. ಮದ್ಯವನ್ನು ನಿಲ್ಲಿಸಿದಾಗ ಉಂಟಾಗುವ ನಡುಕ, ನಿದ್ರಾನಾಶ ಮೊದಲಾದವು ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತವೆ. ಮನಸ್ಸಿನ ಸೆಳೆತವು ತಿಂಗಳುಗಟ್ಟಲೆ ಇಳಿಯುವುದಿಲ್ಲ. ಗಂಡಸು ಆಸ್ಪತ್ರೆಯಿಂದ ಬಂದರೆ ಹೆಂಡತಿಯೋ ತಾಯಿಯೋ ಅವನನ್ನು ಕಾದು, ಹೊತ್ತಿಗೆ ಸರಿಯಾಗಿ ಉಣಿಸಿ, ಮಾತ್ರೆ ಕೊಡುತ್ತಾರೆ. ಹೆಂಗಸು ಹಿಂದಿರುಗುವುದು ಹಲವು ವೇಳೆ ಗಂಡನೇ ಕುಡಿಯುವ ಮನೆಗೆ, ಇಲ್ಲವೆ ಮುಚ್ಚಿದ ಬಾಗಿಲಿಗೆ. ತವರಿನವರು “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎನ್ನುತ್ತಾರೆ. ಅತ್ತೆಯ ಮನೆಯವರು ಮಕ್ಕಳನ್ನು ಅವಳ ಕಣ್ಣಿಗೂ ತೋರಿಸುವುದಿಲ್ಲ. ವೈದ್ಯರು ಮಾಡಿದ ಕೆಲಸವು ಹೀಗೆ ಆಸ್ಪತ್ರೆಯ ಗೇಟಿನಲ್ಲಿಯೇ ಹಾಳಾಗುತ್ತದೆ.

ಇದಕ್ಕೆ ಪರಿಹಾರವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ೨೦೧೭ನೆಯ ಇಸವಿಯ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಮದ್ಯ ಮತ್ತು ಮಾದಕ ಪದಾರ್ಥಗಳ ವ್ಯಸನದಿಂದಾದ ಮನೋವಿಕಾರಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಮನೆಯವರು ಒಪ್ಪಲಿಲ್ಲವೆಂಬ ಮಾತ್ರಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿಯೇ ಇರಿಸತಕ್ಕದ್ದಲ್ಲವೆಂದೂ, ಒಳರೋಗಿಯಾಗಿರುವ ಅಗತ್ಯವಿಲ್ಲದವರಿಗಾಗಿ ಮಧ್ಯಂತರ ವಸತಿಗಳನ್ನೂ ಒಟ್ಟುಬಾಳ್ವೆಯ ಮನೆಗಳನ್ನೂ ಸರ್ಕಾರದವರು ಯುಕ್ತ ಕಾಲದೊಳಗೆ ಸ್ಥಾಪಿಸಬೇಕು ಅಥವಾ ಸ್ಥಾಪಿಸುವವರಿಗೆ ನೆರವಾಗಬೇಕೆಂದೂ ಅದರ ೧೯ನೆಯ ಪ್ರಕರಣದಲ್ಲಿ ವಿಧಿಸಲ್ಪಟ್ಟಿದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದೆಂದು ೨೧ನೆಯ ಪ್ರಕರಣವು ಹೇಳುತ್ತದೆ. ಕಾಯಿದೆಯು ಜಾರಿಗೆ ಬಂದುದು ೨೦೧೮ರ ಮೇ ತಿಂಗಳಿನಲ್ಲಿ. “ಯುಕ್ತ ಕಾಲ” ಎಂದರೆ ಎಷ್ಟು ಕಾಲವೆಂಬುದನ್ನು ಸರ್ಕಾರದವರೇ ತಿಳಿಸಲಿ. ಇಂತಹ ಮನೆಗಳು ಎಷ್ಟಾಗಿವೆ, ಅವುಗಳಲ್ಲಿ ವ್ಯಸನ ಬಿಟ್ಟ ಸ್ತ್ರೀಯರಿಗೆಂದೇ ಇರುವವು ಎಷ್ಟು, ಎಂಬ ಲೆಕ್ಕವನ್ನು ಶಾಸನಸಭೆಯ ಮುಂದೆ ಇಡಲಿ.

ಮನೆ ಹೇಗಿರಬೇಕೆಂಬುದಕ್ಕೆ ಅಮೆರಿಕಾದಲ್ಲಿ ಒಂದು ಮೇಲ್ಪಂಕ್ತಿಯಿದೆ. ೧೯೭೫ರಲ್ಲಿ ಮೇರಿಲೆಂಡ್ ಪ್ರಾಂತದ ಸಿಲ್ವರ್ ಸ್ಪ್ರಿಂಗ್ ಎಂಬ ಊರಿನಲ್ಲಿ, ಕುಡಿತ ಬಿಟ್ಟವರ ವಸತಿಯೊಂದು ಮುಚ್ಚುವ ಸ್ಥಿತಿಗೆ ಬಂದಾಗ, ಅಲ್ಲಿದ್ದವರೇ ಕಟ್ಟಡವನ್ನು ಬಾಡಿಗೆಗೆ ಹಿಡಿದು ನಡೆಸಿಕೊಂಡು ಹೋದರು. ಅದೇ ಆಕ್ಸ್‌ಫರ್ಡ್ ಹೌಸ್. ಮೇಲ್ವಿಚಾರಕರಿಲ್ಲ, ವೈದ್ಯರಿಲ್ಲ, ಬಾಡಿಗೆಯನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುವುದು, ಎಲ್ಲವನ್ನೂ ಮತ ಹಾಕಿ ತೀರ್ಮಾನಿಸುವುದು, ಮತ್ತೆ ಕುಡಿದವರನ್ನು ಹೊರಗೆ ಕಳುಹಿಸುವುದು. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾಗಿ ನಡೆಯುವ ಇಂತಹ ಮನೆಗಳು ಈಗ ಸಾವಿರಗಳ ಸಂಖ್ಯೆಯಲ್ಲಿವೆ. ಅಲ್ಲಿಯ ವಿದ್ವಾಂಸರು, ಚಿಕಿತ್ಸೆ ಮುಗಿಸಿದ ೧೫೦ ಮಂದಿಯಲ್ಲಿ ಅರ್ಧದಷ್ಟು ಜನರನ್ನು ಈ ಮನೆಗಳಿಗೂ ಉಳಿದವರನ್ನು ವಾಡಿಕೆಯ ವ್ಯವಸ್ಥೆಗೂ ಕಳುಹಿಸಿ ಎರಡು ವರ್ಷ ಪರೀಕ್ಷಿಸಿದರು. ೨೦೦೬ರಲ್ಲಿ ಪ್ರಕಟವಾದ ಫಲವೇನೆಂದರೆ, ವಾಡಿಕೆಯ ವ್ಯವಸ್ಥೆಯಲ್ಲಿದ್ದವರಲ್ಲಿ ನೂರಕ್ಕೆ ೬೫ರಷ್ಟು ಮಂದಿ ಹಳೆಯ ಚಟದಲ್ಲಿದ್ದರು. ಮನೆಗಳಿಗೆ ಹೋದವರಲ್ಲಿ ೩೧ರಷ್ಟು ಮಂದಿ ಮಾತ್ರ. ಪರೀಕ್ಷೆಗೆ ಒಳಪಟ್ಟವರಲ್ಲಿ ಹೆಚ್ಚಿನವರು ಸ್ತ್ರೀಯರೇ ಆಗಿದ್ದರು.

ಈ ಪದ್ಧತಿಯನ್ನು ಹಾಗೆಯೇ ತಂದು ನೆಡಬೇಕೆಂದು ನಾವು ಹೇಳುವುದಿಲ್ಲ. ಕೈಯಲ್ಲಿ ಕಾಸಿಲ್ಲದೆ ಬಂದವಳಿಂದ ಮೊದಲ ತಿಂಗಳೇ ಬಾಡಿಗೆ ಕೇಳುವುದು ನ್ಯಾಯವಲ್ಲ. ಮತ್ತೆ ಕುಡಿದವಳನ್ನು ರಾತ್ರಿಯ ಹೊತ್ತು ಬೀದಿಗೆ ತಳ್ಳಿದರೆ ಅವಳ ಗತಿಯೇನಾಗುವುದೆಂದು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ನಿಯಮವು ಇಲ್ಲಿ ನಡೆಯಬೇಕಾದರೆ ಆಸ್ಪತ್ರೆಯಲ್ಲಿ ಅವಳಿಗೆ ಹಾಸಿಗೆಯೊಂದು ಕಾದಿರಬೇಕು. ಆದಕಾರಣ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಗೂ ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಗೂ ಸಮೀಪದಲ್ಲಿ, ಹತ್ತು ಹನ್ನೆರಡು ಮಂದಿಗೆ ಸಾಲುವಷ್ಟು ಒಂದೊಂದು ಮನೆಯಿಂದ ಪ್ರಾರಂಭವಾಗಲಿ. ತಾಯಂದಿರೊಡನೆ ಮಕ್ಕಳಿಗೂ ಸ್ಥಳವಿರಲಿ. ಮೊದಲ ವರ್ಷದ ಬಾಡಿಗೆಯನ್ನು ಸರ್ಕಾರವು ಸಾಲವಾಗಿ ಕೊಡಲಿ. ಕೆಲಸಕ್ಕೆ ಸೇರಿದವರು ತಮ್ಮ ಪಾಲನ್ನು ತೀರಿಸಿದಂತೆ ಅದೇ ಹಣದಿಂದ ಮತ್ತೊಂದು ಮನೆಯಾಗಲಿ. ಆದರೆ ಒಳಗಿನ ಆಡಳಿತವು ಅಲ್ಲಿರುವ ಸ್ತ್ರೀಯರದೇ ಆಗಿರತಕ್ಕದ್ದು. ಬೀಗದ ಕೈ ಹಿಡಿದ ಮೇಟ್ರನ್ ಒಬ್ಬಳನ್ನು ನೇಮಿಸಿ ಇದನ್ನೂ ಒಂದು ಅನಾಥಾಲಯವನ್ನಾಗಿ ಮಾಡುವುದಾದರೆ, ಮಾಡದಿರುವುದೇ ಮೇಲು.

ಹಣವಿಲ್ಲವೆಂಬ ಉತ್ತರವನ್ನು ನಾವು ಒಪ್ಪಲಾರೆವು. ೨೦೨೫ರ ಮಾರ್ಚಿಯಲ್ಲಿ ಮಂಡಿಸಲ್ಪಟ್ಟ ರಾಜ್ಯದ ಆಯವ್ಯಯದಲ್ಲಿ ಅಬಕಾರಿ ಬಾಬಿನಿಂದ ಬರಬೇಕೆಂದು ಗೊತ್ತುಮಾಡಿದ ಹುಟ್ಟುವಳಿ ೪೦,೦೦೦ ಕೋಟಿ ರೂಪಾಯಿ. ಪಾನನಿಷೇಧಕ್ಕಾಗಿ ಪ್ರಯತ್ನಿಸಬೇಕೆಂದು ಸಂವಿಧಾನದ ೪೭ನೆಯ ಅನುಚ್ಛೇದವು ಹೇಳುತ್ತಿರುವಾಗ ಈ ಬಾಬು ವರ್ಷವರ್ಷವೂ ಏರುತ್ತಿರುವುದರ ವಿಚಾರವನ್ನು ಬೇರೊಂದು ದಿನ ಬರೆಯುವೆವು. ಈ ನಲವತ್ತು ಸಾವಿರ ಕೋಟಿಯ ಮುಂದೆ ಎರಡು ಮನೆಗಳ ಬಾಡಿಗೆ ಎಷ್ಟಾದೀತೆಂಬುದನ್ನು ಹಣಕಾಸಿನ ಇಲಾಖೆಯ ಒಬ್ಬ ಗುಮಾಸ್ತನು ಐದು ನಿಮಿಷದಲ್ಲಿ ಲೆಕ್ಕ ಮಾಡಿಕೊಡಬಲ್ಲನು. ಮುಂದಿನ ಆಯವ್ಯಯದಲ್ಲಿ ಆ ಮೊತ್ತವು ಪ್ರತ್ಯೇಕವಾದ ಬಾಬಾಗಿ ಕಾಣಿಸಿಕೊಳ್ಳುವುದೇ ಎಂದು ನಾವು ನೋಡುವೆವು.