ವೈಪರ್ ನಿಂತಾಗ ಮೊದಲು ಕಿವಿಗೊಡಿ

ಆಗುಂಬೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ಜೋರು ಮಳೆಯ ನಡುವೆ ಕಾರಿನ ವೈಪರ್ ನಿಂತುಹೋದರೆ ಎದುರಿನ ತಿರುವು ಕೂಡ ಕಾಣಿಸದು. ಆಗ ಮೊದಲ ಕೆಲಸ, ತಿರುವಿನಿಂದ ದೂರ ರಸ್ತೆಯ ಅಂಚಿಗೆ ವಾಹನ ನಿಲ್ಲಿಸಿ ನಾಲ್ಕೂ ಇಂಡಿಕೇಟರ್ ಹಾಕುವುದು. ಗಾಜಿಗೆ ಹೊಗೆಸೊಪ್ಪು ಉಜ್ಜುವ ಲಾರಿ ಚಾಲಕರ ಉಪಾಯವೊಂದುಂಟು. ನೀರು ಹನಿಗಟ್ಟದೆ ತೆಳುವಾಗಿ ಹರಡುತ್ತದೆಂಬುದು ಅದರ ತರ್ಕ. ಘಾಟಿಯ ಮಳೆಗೆ ಅದನ್ನು ನಂಬಬೇಡಿ.

ಮಳೆ ತಗ್ಗಿದ ಮೇಲೆ ಸ್ವಿಚ್ ಹಾಕಿ ಕಿವಿಗೊಡಿ. ಮೋಟಾರಿನ ಸದ್ದು ಕೇಳಿಸಿಯೂ ವೈಪರ್ ಅಲುಗದಿದ್ದರೆ ದೋಷ ವಿದ್ಯುತ್ತಿನದಲ್ಲ. ಮೋಟಾರಿನ ತಿರುಗುವಿಕೆಯನ್ನು ಅತ್ತಿತ್ತ ಆಡುವ ಚಲನೆಯಾಗಿ ಬದಲಿಸುವ ಸರಳುಗಳ ಕೀಲು ಕಳಚಿರಬಹುದು. ಒಂದು ತೋಳು ಆಡುತ್ತ ಇನ್ನೊಂದು ಮಾತ್ರ ನಿಂತಿದ್ದರೆ ಹೆಚ್ಚಾಗಿ ಅದರ ಬುಡದ ನಟ್ಟು ಸಡಿಲವಾಗಿರುತ್ತದೆ. ಇಗ್ನಿಷನ್ ಆರಿಸಿ ಸ್ಪಾನರಿನಿಂದ ಬಿಗಿ ಮಾಡಿದರಾಯಿತು. (1903ರಲ್ಲಿ ಅಮೆರಿಕದ ಮೇರಿ ಆ್ಯಂಡರ್ಸನ್ ಪೇಟೆಂಟ್ ಪಡೆದ ವೈಪರನ್ನು ಒಳಗಿನಿಂದ ಹಿಡಿಕೆ ಹಿಡಿದು ಆಡಿಸಬೇಕಿತ್ತು. ಮೋಟಾರೂ ಇಲ್ಲ, ಈ ತಾಪತ್ರಯವೂ ಇಲ್ಲ!)

ಸದ್ದೇ ಇಲ್ಲವೆ? ಫ್ಯೂಸ್ ನೋಡಿ. ಅದು ಸುಟ್ಟಿದ್ದರೆ, ಬದಲಿಸುವ ಮುನ್ನ ಏಕೆ ಸುಟ್ಟಿತೆಂದು ಯೋಚಿಸಬೇಕು. ಪಿಯುಸಿ ವಿದ್ಯಾರ್ಥಿಗಳಿಗೆ ಇದು ಗೊತ್ತಿರಬೇಕು: ತಿರುಗುತ್ತಿರುವ ಮೋಟಾರು ಡೈನಮೋದಂತೆಯೂ ವರ್ತಿಸುತ್ತದೆ. ಬ್ಯಾಟರಿಯ 12 ವೋಲ್ಟಿಗೆ ಎದುರಾಗಿ ತಾನೂ ಒಂದು ವೋಲ್ಟೇಜ್ ಹುಟ್ಟಿಸುತ್ತದೆ. ಹಾಗಾಗಿಯೇ ಅದರೊಳಗೆ ಹರಿಯುವ ವಿದ್ಯುತ್ ಮಿತಿಯಲ್ಲಿರುತ್ತದೆ. ಮರದಡಿ ನಿಲ್ಲಿಸಿದ ಕಾರಿನ ಗಾಜಿನ ಬುಡದಲ್ಲಿ ಎಲೆ, ಕಡ್ಡಿ ತುಂಬಿ ತೋಳು ಸಿಕ್ಕಿಕೊಂಡಿತೆನ್ನಿ, ಅಥವಾ ಕೀಲು ತುಕ್ಕು ಹಿಡಿದು ಬಿಗಿಯಿತೆನ್ನಿ. ಮೋಟಾರು ನಿಂತೊಡನೆ ಎದುರು ವೋಲ್ಟೇಜ್ ಸೊನ್ನೆಯಾಗುತ್ತದೆ. ತಡೆಯಲು ತಂತಿಸುರುಳಿಯ ಅಲ್ಪ ರೋಧವಷ್ಟೇ ಉಳಿದು, ವಿದ್ಯುತ್ ಹಲವು ಪಟ್ಟು ನುಗ್ಗುತ್ತದೆ. ಆಗ ಫ್ಯೂಸ್ ಕರಗಿ ಮೋಟಾರನ್ನು ಉಳಿಸುತ್ತದೆ.

ಪೋಷಕರಿಗೊಂದು ಮಾತು. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿಯ ಚೂರು ಸಿಕ್ಕಿಸಿ 'ಸರಿಯಾಯ್ತು ಸಾರ್' ಎನ್ನುವ ಮೆಕ್ಯಾನಿಕ್ಕನ್ನು ಅಲ್ಲಿಯೇ ತಡೆಯಿರಿ. ಮುಂದಿನ ಸಲ ವೈಪರ್ ಸಿಕ್ಕಿಕೊಂಡಾಗ ಕಾರಿನೊಳಗಿನ ತಂತಿಗಳೇ ಕಾದು ಬೆಂಕಿ ಹತ್ತಬಹುದು. ಕಸ ತೆಗೆದು, ಹಳೆಯ ಫ್ಯೂಸಿನ ಮೇಲೆ ಎಷ್ಟು ಆಂಪಿಯರ್ ಎಂದಿದೆಯೋ ಅಷ್ಟರದೇ ಹೊಸದನ್ನು ಹಾಕಿಸಿ. ಮತ್ತೆ ಸುಟ್ಟರೆ, ಅಥವಾ ಫ್ಯೂಸ್ ಚೆನ್ನಾಗಿದ್ದೂ ಸದ್ದಿಲ್ಲದಿದ್ದರೆ ಸ್ವಿಚ್, ರಿಲೇ, ಅರ್ಥ್ ತಂತಿ, ಮೋಟಾರುಗಳನ್ನು ಆಟೊ ಎಲೆಕ್ಟ್ರಿಷಿಯನ್ ಪರೀಕ್ಷಿಸಲಿ.

ನುಗ್ಗುವ ವಿದ್ಯುತ್ತನ್ನು ಮಕ್ಕಳು ಮನೆಯಲ್ಲೇ ಕಣ್ಣಾರೆ ಕಾಣಬಹುದು. ಮೂರು ಪೆನ್‌ಸೆಲ್, ಆಟಿಕೆಯ ಮೋಟಾರು, ಟಾರ್ಚಿನ ಪುಟ್ಟ ಬುರುಡೆ ಬಲ್ಬ್: ಇವನ್ನು ಸರಣಿಯಲ್ಲಿ ಜೋಡಿಸಿ. ಮೋಟಾರು ತಿರುಗುವಾಗ ಬಲ್ಬ್ ಮಂಕಾಗಿರುತ್ತದೆ. ಅದರ ಕಡ್ಡಿಯನ್ನು ಬೆರಳಿನಿಂದ ಒಂದು ಕ್ಷಣ ಹಿಡಿದು ನಿಲ್ಲಿಸಿ, ಬಲ್ಬನ್ನು ನೋಡಿ.