ಪದಾರ್ಥವೊಂದು ಪ್ರಸಾದವಾದ ಬಗೆ



ಈ ಅಂಕಣದಲ್ಲಿ ತತ್ತ್ವವಿಚಾರವನ್ನೋ ಶರಣಚರಿತೆಯನ್ನೋ ನಿವೇದಿಸಿಕೊಳ್ಳುತ್ತ ಬಂದಿರುವ ನಾವು ಈ ತಿಂಗಳು ಕೇಕು ಎಂಬ ತಿನಿಸಿನ ಕುರಿತು ಬರೆಯಹೊರಟಿರುವುದನ್ನು ಕಂಡು ಕೆಲವು ಹಿರಿಯರು ಹುಬ್ಬೇರಿಸಬಹುದು. ಆದರೆ ಒಂದು ಮನೆಯ ನೆಮ್ಮದಿ ಈ ತಿನಿಸಿನಿಂದ ಕೆಟ್ಟುದನ್ನೂ ಮತ್ತೆ ಇದೇ ತಿನಿಸಿನಿಂದ ಕೂಡಿಬಂದುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಕೆಟ್ಟುದರಲ್ಲಿ ನಮ್ಮದೂ ಒಂದು ಪಾಲಿತ್ತು. ಆದುದರಿಂದ ಇದನ್ನು ಹೇಳಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಬಸವೇಶ್ವರನಗರದಲ್ಲಿ, ಹಾವನೂರು ವೃತ್ತದಿಂದ ಅನತಿ ದೂರದಲ್ಲಿ, ನಮಗೆ ಬಹುಕಾಲದಿಂದ ಪರಿಚಿತವಾದ ಒಂದು ಸದ್ಭಕ್ತರ ಮನೆ. ತಾಯಿ ನಿತ್ಯ ಇಷ್ಟಲಿಂಗಪೂಜೆಯಿಲ್ಲದೆ ತುತ್ತು ಮುಟ್ಟದವರು. ಮಗನಿಗೆ ಹಾವೇರಿ ಕಡೆಯ ಹೆಣ್ಣನ್ನು ತಂದು ಮದುವೆ ಮಾಡಿದ್ದರು. ಮದುವೆಯ ಮೊದಲ ವಾರ್ಷಿಕೋತ್ಸವದ ರಾತ್ರಿ ಮಗ ಅಂಗಡಿಯೊಂದರಿಂದ ಕೇಕು ತಂದ. ಹೃದಯದ ಆಕಾರ, ಕೆಂಪು ಬಣ್ಣ, ಮೇಲೆ ಗಂಡಹೆಂಡಿರ ಹೆಸರು. ಎಲ್ಲರೂ ತಿಂದರು; ತಾಯಿಯೂ ಮಗನ ಸಂತೋಷಕ್ಕೆಂದು ಒಂದು ತುಣುಕನ್ನು ಬಾಯಿಗಿಟ್ಟರು. ಮರುದಿನ ಬೆಳಿಗ್ಗೆ ಅದರಲ್ಲಿ ಮೊಟ್ಟೆಯಿತ್ತೆಂಬುದು ತಿಳಿಯಿತು. ಆ ತಾಯಿ ಎರಡು ದಿನ ಅನ್ನ ಮುಟ್ಟಲಿಲ್ಲ. ಬಾಯಿಬಿಟ್ಟು ಆಡದಿದ್ದರೂ, ಇದು ಸೊಸೆಯ ಆಸೆಯಿಂದಾದ ಅನಾಚಾರವೆಂದು ಅವರ ಮನಸ್ಸು ತೀರ್ಮಾನಿಸಿಬಿಟ್ಟಿತ್ತು.

ದೂರವಾಣಿಯಲ್ಲಿ ನಮ್ಮನ್ನು ಕೇಳಿದರು: "ಗುರುಗಳೇ, ಕೇಕು ನಮ್ಮ ಮನೆಗೆ ಸಲ್ಲುವುದೇ?" ನಾವು ಒಂದು ಕ್ಷಣವೂ ಯೋಚಿಸದೆ, "ಅದು ಪರದೇಶದ ಪದ್ಧತಿ, ಲಿಂಗವಂತರ ಮನೆಗೆ ಬೇಡ" ಎಂದುಬಿಟ್ಟೆವು. ಮಠದಲ್ಲಿ ಓದಿದವನ ಮಾತೆಂದು ಅದು ತೀರ್ಪೇ ಆಯಿತು. ಸೊಸೆ ಎದುರಾಡಲಿಲ್ಲ. ಕೆಲವು ದಿನಗಳ ಬಳಿಕ ತವರಿಗೆ ಹೋದಳು. ಹೇಳಿದ ದಿನಕ್ಕೆ ಮರಳಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಮಗ ಬಂದು ನಮ್ಮ ಮುಂದೆ ತಲೆತಗ್ಗಿಸಿ ಕುಳಿತಾಗಲೇ ನಿಜಸಂಗತಿ ಹೊರಬಿದ್ದುದು. ಕೇಕು ಬೇಕೆಂದು ಅವಳು ಕೇಳಿಯೇ ಇರಲಿಲ್ಲ. ಅವಳೂ ಹುಟ್ಟಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಅಂಗಡಿಯಲ್ಲಿ ಒಂದು ಮಾತು ಕೇಳದೆ ತಂದವನು ಇವನು. ಅಪವಾದ ಹೊತ್ತವಳು ಅವಳು. ವಿಚಾರಿಸದೆ ತೀರ್ಪಿತ್ತವರು ನಾವು.

ಆಚಾರಕ್ಕಿಂತ ಮೊದಲು ಅರಿವು ಇರಬೇಕೆಂದು ವೇದಿಕೆಗಳ ಮೇಲೆ ನಲವತ್ತು ವರ್ಷ ಉಪನ್ಯಾಸ ಮಾಡಿದ ನಾವು, ಆ ವಸ್ತು ಏತರಿಂದ ಆಗುತ್ತದೆಂಬುದನ್ನೇ ಅರಿಯದೆ ಮಾತನಾಡಿದ್ದೆವು. ಆ ಮೇಲೆ ತಿಳಿದುಕೊಂಡುದನ್ನು ಇಲ್ಲಿ ಹೇಳುತ್ತೇವೆ.

ಕೇಕಿನಲ್ಲಿ ಮೊಟ್ಟೆಗೆ ಎರಡು ಕೆಲಸಗಳಿವೆ. ಒಂದು, ಗಾಳಿಯನ್ನು ಹಿಡಿದು ಹಿಟ್ಟನ್ನು ಉಬ್ಬಿಸುವುದು. ಎರಡು, ಬೇಯುವಾಗ ಗಟ್ಟಿಯಾಗಿ ಅದಕ್ಕೊಂದು ಕಟ್ಟು ಕೊಡುವುದು. ಈ ಎರಡನ್ನೂ ಬೇರೆ ರೀತಿಯಲ್ಲಿ ಸಾಧಿಸಬಹುದು. ಮೊಸರಿನ ಹುಳಿಯೂ ಅಡುಗೆ ಸೋಡವೂ ಕೂಡಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟಿ ಹಿಟ್ಟು ಉಬ್ಬುತ್ತದೆ. ಮೈದಾದ ಅಂಟೂ ಪಿಷ್ಟವೂ ಅದಕ್ಕೆ ಕಟ್ಟಾಗುತ್ತವೆ. ಇನ್ನೊಂದು ಸಂಗತಿ ನಮಗೆ ಬಹು ಅಚ್ಚರಿ ತಂದಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯಿದ್ದನು. ಅವನ ಪತ್ನಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಹುದುಗು ಬರಿಸುವ ಯೀಸ್ಟೂ ಒಗ್ಗುತ್ತಿರಲಿಲ್ಲ. ಅವಳಿಗಾಗಿ ಅವನು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ, 1843ರಲ್ಲಿ ಬೇಕಿಂಗ್ ಪೌಡರನ್ನೂ ಕಂಡುಹಿಡಿದನು. ಇಂದು ಜಗತ್ತಿನ ಅಡುಗೆಮನೆಗಳಲ್ಲೆಲ್ಲ ಇರುವ ಆ ಡಬ್ಬಿಯ ಹಿಂದೆ ಹೆಂಡತಿಯ ಮೇಲಿನ ಒಬ್ಬ ಗಂಡನ ಅಕ್ಕರೆಯಿದೆ. ದಾಂಪತ್ಯಪ್ರೇಮದ ಕುರುಹಾಗಿ ಕೇಕು ಮಾಡುವವರು ಈ ಕಥೆಯನ್ನು ತಿಳಿದಿರುವುದು ಒಳ್ಳೆಯದು.

ನಮ್ಮ ಬೆಂಗಳೂರಿಗೂ ಇದು ಹೊಸತಲ್ಲ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಸಹೋದರರು ಚಿಕ್ಕಪೇಟೆಯಲ್ಲಿ 1898ರಲ್ಲಿ ಬೇಕರಿ ತೆರೆದರೆಂದು ಹೇಳಲಾಗುತ್ತದೆ. ಅಲ್ಲಿಂದ ಮೊದಲಾದ ಮೊಟ್ಟೆಯಿಲ್ಲದ ಬೇಕರಿ ತಿನಿಸಿನ ಸಂಪ್ರದಾಯ ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ಬೀದಿಬೀದಿಗೂ ಹಬ್ಬಿತು. ಹೀಗೆಂದು ಬೋರ್ಡಿನ ಹೆಸರೊಂದನ್ನೇ ನಂಬಿ ಕೊಳ್ಳಬಾರದು, ಬಾಯಿಬಿಟ್ಟು ಕೇಳಬೇಕು. ಪೊಟ್ಟಣದ ಆಹಾರದ ಮೇಲೆ ಸಸ್ಯಾಹಾರವನ್ನು ಸೂಚಿಸುವ ಹಸಿರು ಗುರುತು ಕಡ್ಡಾಯವಾಗಿದೆ. ಅದನ್ನು ನೋಡಿಯೇ ಕೊಳ್ಳಬೇಕು. ಜೆಲಟಿನ್ ಎಂಬುದು ಪ್ರಾಣಿಗಳ ಮೂಳೆ ಚರ್ಮಗಳಿಂದ ಆಗುವ ವಸ್ತು. ಅದರ ಬದಲು ಕಡಲಪಾಚಿಯಿಂದ ಆಗುವ ಅಗರ್‌ಅಗರ್ ಬಳಸಬಹುದು. ಬಣ್ಣದ ವಿಚಾರದಲ್ಲಿಯೂ ಎಚ್ಚರ ಬೇಕು. ಬೆಂಗಳೂರಿನ ಬೇಕರಿಗಳಿಂದ ಸಂಗ್ರಹಿಸಿದ 235 ಕೇಕು ಮಾದರಿಗಳ ಪೈಕಿ 12ರಲ್ಲಿ ಹಾನಿಕರ ಕೃತಕ ಬಣ್ಣಗಳು ಕಂಡುಬಂದುವೆಂದು ರಾಜ್ಯದ ಆಹಾರ ಸುರಕ್ಷತಾ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಎಚ್ಚರಿಸಿತ್ತು.

ಇಷ್ಟನ್ನು ತಿಳಿದುಕೊಂಡು ನಾವು ಆ ಮನೆಗೆ ಹೋದೆವು. ತಾಯಿಯವರಿಗೆ ಮೊದಲು ಹೇಳಿದ ಮಾತು ಇದು: "ಅಮ್ಮ, ಅರಿಯದೆ ಆದುದಕ್ಕೆ ದೋಷವಿಲ್ಲ. ವಿಭೂತಿ ಧರಿಸಿ, ಲಿಂಗಪೂಜೆ ಮಾಡಿಕೊಂಡಿರಿ, ಅದು ಅಲ್ಲಿಗೆ ಮುಗಿಯಿತು. ಆದರೆ ತಪ್ಪಿಲ್ಲದ ಹೆಣ್ಣುಮಗಳ ಮೇಲೆ ನಾವೆಲ್ಲ ಸೇರಿ ತಪ್ಪು ಹೊರಿಸಿದ್ದೇವೆ. ಅದನ್ನು ನಾವೇ ಇಳಿಸಬೇಕು." ಆ ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಆ ಸಂಜೆಯೇ ಮಗನನ್ನು ಕರೆದುಕೊಂಡು ಹಾವೇರಿಯ ಬಸ್ಸು ಹತ್ತಿದರು. ಬೀಗರ ಮನೆಯ ಪಡಸಾಲೆಯಲ್ಲಿ ನಿಂತು ಸೊಸೆಯ ಕೈಹಿಡಿದು, "ನಡಿ ತಾಯಿ, ನಮ್ಮ ಮನೆಗೆ ಹೋಗೋಣ" ಎಂದರಂತೆ. ಮತ್ತೇನೂ ಹೇಳಬೇಕಾಗಲಿಲ್ಲ.

ಮರುವರ್ಷದ ಅದೇ ದಿನ ಕೇಕು ಮನೆಯಲ್ಲಿಯೇ ಆಗಲೆಂದು ನಿರ್ಧರಿಸಿದವರು ಅತ್ತೆಯವರೇ. ಸೊಸೆ ಮಾಡಿದ ಕ್ರಮವನ್ನು, ಗೃಹಿಣಿಯರಿಗೆ ಉಪಯೋಗವಾದೀತೆಂದು, ಕೇಳಿ ಬರೆದುಕೊಂಡು ಬಂದಿದ್ದೇವೆ.

ಒಂದು ಪಾಕಕ್ಕೆ ಒಂದೂವರೆ ಬಟ್ಟಲು ಮೈದಾ, ಒಂದು ಬಟ್ಟಲು ಗಟ್ಟಿಮೊಸರು, ಮುಕ್ಕಾಲು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ವಾಸನೆಯಿಲ್ಲದ ಅಡುಗೆ ಎಣ್ಣೆ, ಒಂದೂಕಾಲು ಚಿಕ್ಕ ಚಮಚ ಬೇಕಿಂಗ್ ಪೌಡರ್, ಅರ್ಧ ಚಿಕ್ಕ ಚಮಚ ಅಡುಗೆ ಸೋಡ, ಪರಿಮಳಕ್ಕೆ ಏಲಕ್ಕಿ ಪುಡಿ. ಬಟ್ಟಲೆಂದರೆ ಸುಮಾರು 240 ಮಿಲಿಲೀಟರ್ ಹಿಡಿಯುವಂಥದು. ಮೊಸರು ಸಕ್ಕರೆಗಳನ್ನು ಕರಗುವವರೆಗೆ ಕಡೆದು, ಸೋಡವನ್ನೂ ಬೇಕಿಂಗ್ ಪೌಡರನ್ನೂ ಬೆರೆಸಿ ಐದು ನಿಮಿಷ ಬಿಟ್ಟರೆ ನೊರೆಯೇಳುತ್ತದೆ. ಆಗ ಎಣ್ಣೆ ಏಲಕ್ಕಿಗಳನ್ನು ಹಾಕಿ, ಜರಡಿ ಹಿಡಿದ ಮೈದಾವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಗಂಟಿಲ್ಲವಾದೊಡನೆ ಕೈ ನಿಲ್ಲಿಸಬೇಕು. ಚಪಾತಿ ಹಿಟ್ಟಿನಂತೆ ನಾದಿದರೆ ಅಂಟು ಬಲಿತು ಕೇಕು ಬಿರುಸಾಗುತ್ತದೆ. ಓವನ್ನಿನಲ್ಲಾದರೆ ಮೊದಲೇ ಕಾಯಿಸಿದ 180 ಡಿಗ್ರಿ ಉಷ್ಣದಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ. ಓವನ್ ಇಲ್ಲದವರು ಕುಕ್ಕರಿನ ತಳದಲ್ಲಿ ಉಪ್ಪು ಹರಡಿ, ಅದರ ಮೇಲೆ ಮಣೆಯಂತೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಳದ ರಬ್ಬರನ್ನೂ ವಿಷಲ್ಲನ್ನೂ ತೆಗೆದು, ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ ಸುಮಾರು ಮುಕ್ಕಾಲು ಗಂಟೆ ಬೇಯಿಸಬಹುದು. ನೀರು ಹಾಕಬಾರದು. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿತೆಂದು ತಿಳಿಯಬೇಕು.

ಹೃದಯಾಕಾರಕ್ಕೆ ವಿಶೇಷ ಅಚ್ಚೇನೂ ಬೇಡವೆಂಬುದನ್ನು ಆ ಹುಡುಗಿಯಿಂದ ಕಲಿತೆವು. ಏಳು ಅಂಗುಲ ಪಕ್ಕದ ಒಂದು ಚೌಕ, ಏಳು ಅಂಗುಲ ಅಡ್ಡಳತೆಯ ಒಂದು ದುಂಡು, ಹೀಗೆ ಎರಡು ಕೇಕು ಬೇಯಿಸಬೇಕು. ಚೌಕವನ್ನು ಮೂಲೆ ಕೆಳಗಾಗುವಂತೆ ತಿರುಗಿಸಿಟ್ಟು, ದುಂಡನ್ನು ಸರಿಯಾಗಿ ಎರಡು ಹೋಳು ಮಾಡಿ, ಮೇಲಿನ ಎರಡು ಪಕ್ಕಗಳಿಗೆ ಒಂದೊಂದನ್ನು ಜೋಡಿಸಿದರೆ ಹೃದಯವಾಯಿತು. ಒಂದನ್ನು ಬೇಯಿಸುವಾಗ ಇನ್ನೊಂದರ ಹಿಟ್ಟನ್ನು ಕಲಸಿಡಬಾರದು. ಕಾದರೆ ಅದರ ಅನಿಲವೆಲ್ಲ ಹೊರಟುಹೋಗುತ್ತದೆ.

ಪದರಗಳಾಗಬೇಕಾದರೆ ತಾಳ್ಮೆ ಬೇಕು. ಕೇಕು ಪೂರ್ಣ ಆರಿದ ಮೇಲೆಯೇ, ಗಟ್ಟಿ ನೂಲನ್ನು ಸುತ್ತ ಹಾಯಿಸಿ ಎಳೆದು ಅಡ್ಡಲಾಗಿ ಎರಡು ಪದರ ಮಾಡಬೇಕು. ಬಿಸಿಯಲ್ಲಿ ಕೊಯ್ದರೆ ಪುಡಿಯಾಗುತ್ತದೆ. ಪದರಗಳ ಮೇಲೆ ತೆಳ್ಳಗೆ ಸಕ್ಕರೆನೀರು ಚಿಮುಕಿಸಬೇಕು. ಒಳಹೂರಣಕ್ಕೆ ಅತ್ತೆಯವರು ಹಿಂದಿನ ರಾತ್ರಿಯೇ ಮೊಸರನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ಕೇಸರಿ ಏಲಕ್ಕಿ ಬೆರೆಸಿ ಗಟ್ಟಿ ಶ್ರೀಖಂಡ ಮಾಡಿಕೊಟ್ಟರು. ಅಂಚಿನಲ್ಲಿ ಅರ್ಧ ಅಂಗುಲ ಬಿಟ್ಟು ಅದನ್ನು ಹರಡಿ ಮೇಲಿನ ಪದರ ಮುಚ್ಚಿದರು. ಹೊರಲೇಪಕ್ಕೆ 200 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಬೆಳ್ಳಗಾಗುವವರೆಗೆ ಕಡೆದು, 300 ಗ್ರಾಂ ನುಣ್ಣನೆಯ ಸಕ್ಕರೆಪುಡಿ ಸೇರಿಸಿದರು. ಮೊದಲು ಪುಡಿಯನ್ನು ಹಿಡಿದಿಡಲು ತೆಳುವಾದ ಒಂದು ಲೇಪ. ಅರ್ಧ ಗಂಟೆ ತಂಪುಪೆಟ್ಟಿಗೆಯಲ್ಲಿಟ್ಟು ಆಮೇಲೆ ನುಣುಪಾದ ಎರಡನೆಯ ಲೇಪ. ಸುಣ್ಣ ಬಳಿಯುವವನೂ ಎರಡು ಕೈ ಬಳಿಯುವನಷ್ಟೆ! ಬೀಟ್‌ರೂಟ್ ರಸವನ್ನು ಕುದಿಸಿ ಗಟ್ಟಿಮಾಡಿ ಒಂದು ಚಮಚ ಬೆರೆಸಿದರೆ ಗುಲಾಬಿ ಬಣ್ಣ ಬರುತ್ತದೆ. ಅಲಂಕಾರಕ್ಕೆ ಹಿತ್ತಿಲ ಕುಂಡದ ಗುಲಾಬಿಯ ಎಸಳು. ಮಾರುಕಟ್ಟೆಯ ಗುಲಾಬಿಗೆ ಕೀಟನಾಶಕ ಸಿಂಪಡಿಸಿರುವುದುಂಟು. ಅದು ತಿನ್ನಲು ಯೋಗ್ಯವಲ್ಲ.

ಮೇಲಿನ ಆ ಹೃದಯದ ಚಿತ್ರ ಹಿರಿಯರೆದುರು ನಾಚಿಕೆಯಲ್ಲವೇ ಎಂಬ ಪ್ರಶ್ನೆ ಬಂದೇ ಬಂದಿತು. ಸೊಸೆ ಅಳಿಸಿಬಿಡಲೇ ಎಂದಳು. ಆಗ ಅತ್ತೆಯವರು ನಕ್ಕು, ತಮ್ಮ ಯಜಮಾನರು ಧಾರವಾಡಕ್ಕೆ ಹೋದಾಗಲೆಲ್ಲ ಮನೆಮಂದಿಗೆಲ್ಲ ಒಂದು ಪೊಟ್ಟಣ ಪೇಢೆ ತಂದು, ತಮಗೊಂದನ್ನು ಟವೆಲ್ಲಿನಲ್ಲಿ ಬಚ್ಚಿಟ್ಟು ತರುತ್ತಿದ್ದುದನ್ನು ಹೇಳಿದರು. ಆ ಯಜಮಾನರು ಲಿಂಗೈಕ್ಯರಾಗಿ ಹನ್ನೊಂದು ವರ್ಷ. ಮಗ ಆ ಮಾತನ್ನು ಅಂದೇ ಮೊದಲು ಕೇಳಿದ್ದು. "ನಮ್ಮ ಕಾಲದಲ್ಲಿ ಬಚ್ಚಿಡುತ್ತಿದ್ದೆವು, ನೀವು ಬರೆದು ತೋರಿಸುತ್ತೀರಿ. ಇರಲಿ ಬಿಡು, ಅಳಿಸಬೇಡ" ಎಂದರು.

ಶರಣಧರ್ಮ ಸಂಸಾರವನ್ನು ಬಿಟ್ಟೋಡುವ ಧರ್ಮವಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದು ನಮಗೆ ಬೇಡ, ಮರಳಿ ಸುರಿದು ಬನ್ನಿ ಎಂದವಳು ಪತ್ನಿ ಲಕ್ಕಮ್ಮ. ಗಂಡನನ್ನು ತಿದ್ದುವ ಸಲುಗೆ, ತಿದ್ದಿಸಿಕೊಳ್ಳುವ ವಿನಯ, ಇವೆರಡೂ ಇದ್ದ ದಾಂಪತ್ಯ ಅದು. ಪ್ರೀತಿಯನ್ನು ತೋರುವುದು ತಪ್ಪಲ್ಲ. ದುಂದು ತಪ್ಪು, ಅರಿಯದ ವಸ್ತುವನ್ನು ವಿಚಾರಿಸದೆ ಮನೆಗೆ ತರುವುದು ತಪ್ಪು, ವಿಚಾರಿಸದೆ ದೂರುವುದು ಅದಕ್ಕಿಂತ ದೊಡ್ಡ ತಪ್ಪು.

ದೀಪದ ವಿಚಾರ ಒಂದುಳಿಯಿತು. ಉರಿಯುವ ಬೆಳಕನ್ನು ಬಾಯಿಂದ ಊದಿ ಆರಿಸುವುದು ನಮ್ಮ ಮನೆಗಳಿಗೆ ಒಗ್ಗದು. ಊದಿದಾಗ ಎಂಜಲಿನ ಸೂಕ್ಷ್ಮಾಣುಗಳು ಕೇಕಿನ ಮೇಲೆ ಹಲವು ಪಟ್ಟು ಹೆಚ್ಚುತ್ತವೆಂದು ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ್ದಾರೆ. ಆ ಮನೆಯಲ್ಲಿ ಮೇಣದ ಬತ್ತಿಯ ಬದಲು ಪಕ್ಕದಲ್ಲಿ ಎಣ್ಣೆಯ ದೀಪ ಹಚ್ಚಿದರು. ಅದು ತಾನಾಗಿ ಶಾಂತವಾಗುವವರೆಗೆ ಉರಿಯಿತು.

ಲಿಂಗಕ್ಕೆ ಅರ್ಪಿತವಾಗುವ ತನಕ ಯಾವುದೂ ಬರಿಯ ಪದಾರ್ಥ. ಅರ್ಪಿತವಾದ ಮೇಲೆ ಪ್ರಸಾದ. ಹೋಳಿಗೆಗೂ ಅಂಬಲಿಗೂ ಇದೇ ಅಳತೆ, ಕೇಕಿಗೂ ಇದೇ. ಅರ್ಪಿಸಲು ಬಾರದುದನ್ನು ತಿನ್ನಬಾರದು. ಅರ್ಪಿಸಬಹುದಾದುದನ್ನು ಪರದೇಶದ್ದೆಂಬ ಕಾರಣಕ್ಕೆ ದೂರವಿಡಬೇಕಾಗಿಲ್ಲ. ಅಂದು ಮೊದಲ ತುಣುಕನ್ನು ಆ ತಾಯಿ ಅಂಗೈಯ ಲಿಂಗಕ್ಕೆ ತೋರಿ, ಎರಡನೆಯದನ್ನು ಸೊಸೆಯ ಬಾಯಿಗಿಟ್ಟರು. ಮೂರನೆಯದು ನಮ್ಮ ಕೈಗೆ ಬಂದಿತು. ಒಮ್ಮೆ ಬೇಡವೆಂದ ಬಾಯಿಯಿಂದಲೇ ಅದನ್ನು ಪ್ರಸಾದವೆಂದು ಸ್ವೀಕರಿಸಿದೆವು.

ಈ ವಿದ್ಯೆಯನ್ನು ಕ್ರಮವಾಗಿ ಕಲಿಯಬೇಕೆನ್ನುವ ಹೆಣ್ಣುಮಕ್ಕಳಿಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೇಕರಿ ತರಬೇತಿಯ ವ್ಯವಸ್ಥೆಯಿದೆ. ಕಲಿತರೆ ಅದೂ ಒಂದು ಕಾಯಕವಾದೀತು. ಯಾವ ಮನೆಯಲ್ಲಾದರೂ ಇಂಥ ಸಣ್ಣ ಸಂಗತಿಗೆ ಅತ್ತೆಸೊಸೆಯರ ಮಾತು ನಿಂತಿದ್ದರೆ, ಈ ಸಂಚಿಕೆಯನ್ನು ಇಬ್ಬರಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೇಳಲಿ. ಎಲ್ಲರಿಗೂ ಮಂಗಳವಾಗಲಿ.